"ವಿಡಿಯೋ ರಿಲೇ ಇಂಟರ್‌ಪ್ರಿಟರ್" ಅಂದ ತಕ್ಷಣ ಫೋನ್ ಕಟ್ ಮಾಡ್ಬಿಟ್ಟೆ. ಈ ಸರ್ವಿಸ್ ಏನು, ಇದಕ್ಕೆ ದುಡ್ಡು ಕೊಡೋರು ಯಾರು?

ಸಿರಿ_ಫ್ರೀಮಾಂಟ್
ಎಲ್ರಿಗೂ ನಮಸ್ಕಾರ. ಹೋದ ವಾರದಿಂದ ಮನಸ್ಸು ಕೊರೀತಿರೋ ವಿಷ್ಯ, ಇಲ್ಲಿ ಗೊತ್ತಿರೋರು ಇರ್ಬಹುದು ಅಂತ ಹಾಕ್ತಿದೀನಿ.

ಒಂದೇ ನಂಬರಿಂದ ಎರಡು ಸಲ ಕಾಲ್ ಬಂತು. ಎತ್ತಿದ್ರೆ ಯಾರೋ ಹೆಂಗಸು "ನಾನು ವಿಡಿಯೋ ರಿಲೇ ಇಂಟರ್‌ಪ್ರಿಟರ್, ನನ್ನ ನಂಬರ್ ಇಷ್ಟು, ನಿಮಗೊಂದು ಕಾಲ್ ಇದೆ" ಅಂತ ಶುರು ಮಾಡಿದ್ರು. ಕಾರ್ ಇನ್ಶೂರೆನ್ಸ್ ಮಾರೋರು ಅಂದ್ಕೊಂಡು ಎರಡು ಸಲವೂ ಅವ್ರ ಮಾತು ಮುಗಿಯೋಕ್ ಮುಂಚೆನೇ ಕಟ್ ಮಾಡ್ದೆ. ಶನಿವಾರ ಮಗಳ ಸ್ವಿಮ್ಮಿಂಗ್ ಕ್ಲಾಸಲ್ಲಿ ಅವಳ ಫ್ರೆಂಡಿನ ಅಮ್ಮ ಫೋನಲ್ಲಿ ಟೈಪ್ ಮಾಡಿ ತೋರಿಸಿದ್ರು, "ನಾನೇ ಕಾಲ್ ಮಾಡಿದ್ದು, ಕಾರ್‌ಪೂಲ್ ಬಗ್ಗೆ ಕೇಳೋಣ ಅಂತ." ಅವ್ರು ಕಿವುಡರು. ನಾನಿರೋದು ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟಲ್ಲಿ, ಇಲ್ಲಿ ರಾಜ್ಯದ ಕಿವುಡರ ಶಾಲೆನೇ ಇದೆ, ಅಂಗಡಿಲಿ ಪಾರ್ಕಲ್ಲಿ ಸನ್ನೆ ಭಾಷೆ ದಿನಾ ನೋಡ್ತೀನಿ, ಆದ್ರೂ ಅವ್ರು ಫೋನ್ ಮಾಡೋದು ಹೇಗೆ ಅಂತ ಹತ್ತು ವರ್ಷದಲ್ಲಿ ಒಂದ್ಸಲನೂ ಯೋಚ್ನೆ ಮಾಡಿರ್ಲಿಲ್ಲ.

ಇದು ಹೇಗೆ ನಡೆಯುತ್ತೆ? ಅವ್ರಿಗೆ ಫ್ರೀ ಅಂತೆ, ಹಾಗಿದ್ರೆ ದುಡ್ಡು ಕೊಡೋರು ಯಾರು?

ರಾಚೆಸ್ಟರ್_ರಶ್ಮಿ
ಸಿರಿ ಅವ್ರೇ, ನೀವು ಕಟ್ ಮಾಡಿದ್ರಲ್ಲ, ಆ ಕಡೆ ಕೂತು ಮಾತಾಡೋ ಕೆಲಸ ನಂದು 🙂 ಆರು ವರ್ಷ ಇಂಥ ಸೆಂಟರಲ್ಲಿ ಕೆಲಸ ಮಾಡ್ದೆ. ಬೇಜಾರು ಮಾಡ್ಕೋಬೇಡಿ, ದಿನಕ್ಕೆ ಎಷ್ಟೋ ಜನ ಹೀಗೇ ಕಟ್ ಮಾಡ್ತಾರೆ, ಡಾಕ್ಟರ್ ಆಫೀಸಿನೋರು, ಪಿಜ್ಜಾ ಅಂಗಡಿಯೋರು ಎಲ್ರೂ.

ಕಿವುಡರು ಮನೇಲಿ ವಿಡಿಯೋಫೋನೋ ಆ್ಯಪೋ ತೆಗೆದು ನಿಮ್ಮ ನಂಬರ್ ಒತ್ತುತಾರೆ. ಅದು ಮೊದ್ಲು ನಮ್ಮ ಸ್ಕ್ರೀನಿಗೆ ಬರುತ್ತೆ. ಅವ್ರು ನಮ್ಮನ್ನ ನೋಡ್ತಾರೆ, ನಾವು ಅವ್ರನ್ನ ನೋಡ್ತೀವಿ, ನಮ್ಮ ಕಿವಿಗೆ ಹೆಡ್‌ಸೆಟ್ಟು, ಅದ್ರಲ್ಲಿ ನಿಮ್ಮ ದನಿ. ಅವ್ರ ಸನ್ನೆ ನೋಡಿ ನಾವು ಬಾಯಲ್ಲಿ ಹೇಳ್ತೀವಿ, ನೀವು ಹೇಳಿದ್ದನ್ನ ಕೈಯಲ್ಲಿ ಹೇಳ್ತೀವಿ, ಅದೂ ನಿಂತು ನಿಂತು ಅಲ್ಲ, ಮಾತಿನ ಜೊತೆಜೊತೆಗೇ.

ಮುಂದಿನ ಸಲಕ್ಕೆ ಒಂದೇ ವಿಷ್ಯ ನೆನಪಿಟ್ಕೊಳ್ಳಿ. ಇಂಟರ್‌ಪ್ರಿಟರ್ "ನಾನು" ಅಂದ್ರೆ ಅದು ಇಂಟರ್‌ಪ್ರಿಟರ್ ಅಲ್ಲ, ಕಿವುಡರೇ ಮಾತಾಡ್ತಿರೋದು. "ಅವ್ರಿಗೆ ಹೀಗೆ ಹೇಳಿ" ಅನ್ನಬೇಡಿ, ನೇರ ಅವ್ರ ಜೊತೆನೇ ಮಾತಾಡಿ. ಕಾಲಲ್ಲಿ ಏನ್ ಮಾತಾಡಿದ್ರು ಅನ್ನೋದನ್ನ ನಾವು ಯಾರಿಗೂ ಹೇಳೋ ಹಾಗಿಲ್ಲ, ಕಾಲ್ ಮುಗಿದ ಮೇಲೆ ಬರೆದಿಟ್ಕೊಳ್ಳೋ ಹಾಗೂ ಇಲ್ಲ, ಕಾನೂನೇ ಹಾಗಿದೆ.

ಹುಬ್ಳಿ_ಹುಡ್ಗ
ವಾಟ್ಸಾಪ್ ಐತಲ್ರೀ? ಮೆಸೇಜ್ ಹಾಕಿದ್ರ ಮುಗೀತು. ನಡುವ ಒಬ್ಬರನ್ನ ಕುಂದ್ರಿಸಿ ಅವ್ರಿಗೆ ಪಗಾರ ಕೊಡೂದು ಯಾಕ ಬೇಕು? ಸರ್ಕಾರದ್ದ ರೊಕ್ಕ ಅಂದ್ರ ಜನರ ಟ್ಯಾಕ್ಸ್ ಅಲ್ಲೇನು?

ಅಣ್ಣನ_ತಂಗಿ
@ಹುಬ್ಳಿ_ಹುಡ್ಗ ನನ್ನ ಅಣ್ಣ ಹುಟ್ಟಿನಿಂದ ಕಿವುಡ, ಬೆಂಗಳೂರಲ್ಲೇ ಇದೀವಿ. ನಿಮ್ಮ ಪ್ರಶ್ನೆ ಎಲ್ರೂ ಕೇಳ್ತಾರೆ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ.

ಹೋದ ವರ್ಷ ಅವನ ಕಾರ್ಡಿಂದ ಯಾರೋ ದುಡ್ಡು ಎಳೆದ್ರು. ಬ್ಯಾಂಕಿಗೆ ಹೇಳ್ಬೇಕಲ್ಲ, ಕಸ್ಟಮರ್ ಕೇರ್ ನಂಬರ್ ಇರೋದು ಮಾತಾಡೋಕೆ. ನಾನು ಮಾಡ್ದೆ. "ಕಾರ್ಡ್ ಯಾರ ಹೆಸ್ರಲ್ಲಿದೆಯೋ ಅವ್ರೇ ಮಾತಾಡ್ಬೇಕು ಮೇಡಂ" ಅಂದ್ರು. ಅವ್ನಿಗೆ ಕಿವಿ ಕೇಳಲ್ಲ ಅಂದೆ. "ಹಾಗಿದ್ರೆ ಲೈನಿಗೆ ಬಂದು ಹೌದು ಅಂತ ಒಂದ್ ಮಾತು ಹೇಳ್ಲಿ ಸಾಕು" ಅಂದ್ರು. ಪಕ್ಕದಲ್ಲೇ ಕೂತಿದ್ದಾನೆ, ನನ್ನ ಮುಖನೇ ನೋಡ್ತಿದ್ದಾನೆ, ನಾನೇನು ಹೇಳ್ಲಿ ಅವ್ನಿಗೆ? ಕೊನೆಗೆ ನನ್ನ ಗಂಡ ಫೋನ್ ತಗೊಂಡು ಅಣ್ಣನ ಹೆಸ್ರು ಹೇಳಿ ತಾನೇ ಅವನು ಅಂತ ಮಾತಾಡಿದ್ರು. ಸ್ವಂತ ದುಡ್ಡು ಕಾಪಾಡ್ಕೊಳ್ಳೋಕೆ ಸುಳ್ಳು ಹೇಳ್ಬೇಕಾಯ್ತು. ಇಂಥ ಕಡೆ ವಾಟ್ಸಾಪ್ ಏನ್ ಮಾಡುತ್ತೆ ಹೇಳಿ.

ಇನ್ನೊಂದು ಮಾತು. ಅಣ್ಣನಿಗೆ ಸನ್ನೆ ಭಾಷೆನೇ ಮೊದಲ ಭಾಷೆ. ಕನ್ನಡ, ಇಂಗ್ಲಿಷ್ ಎರಡೂ ಆಮೇಲೆ ಕಷ್ಟಪಟ್ಟು ಕಲ್ತಿದ್ದು. ನಿಮಗೆ ಎಲ್ಲಾ ವಿಷ್ಯನೂ ಹಿಂದಿಲೇ ಬರೆದು ಕಳ್ಸಿ ಅಂದ್ರೆ ಹೇಗಿರುತ್ತೆ, ಅವ್ನಿಗೆ ಮೆಸೇಜು ಅಂದ್ರೆ ಹಾಗೆ. ನಮ್ಮಮ್ಮ ಮೂವತ್ತು ವರ್ಷ ಅವನ ಫೋನಾಗಿದ್ರು. ಹೆಣ್ಣು ನೋಡೋ ಮಾತೂ ಅಮ್ಮನೇ, ಕೆಲಸದ ಇಂಟರ್‌ವ್ಯೂ ಮಾತೂ ಅಮ್ಮನೇ, ಅವನ ಪೈಲ್ಸ್ ಡಾಕ್ಟರ್ ಅಪಾಯಿಂಟ್‌ಮೆಂಟೂ ಅಮ್ಮನೇ. ನಲವತ್ತು ವರ್ಷದ ಗಂಡಸಿಗೆ ಒಂದು ಗುಟ್ಟು ಅಂತ ಇರ್ಬೇಡ್ವಾ?

ಕಾನೂನು_ಕಟ್ಟೆ
@ಹುಬ್ಳಿ_ಹುಡ್ಗ ಟ್ಯಾಕ್ಸ್ ದುಡ್ಡಲ್ಲ ಅದು, ಅಲ್ಲಿ ತಿದ್ದುಪಡಿ ಬೇಕು.

ಅಮೆರಿಕದಲ್ಲಿ 1990ರಲ್ಲಿ ಅಂಗವಿಕಲರ ಹಕ್ಕಿನ ಕಾನೂನು ಬಂತು, ಎಡಿಎ ಅಂತಾರಲ್ಲ ಅದೇ. ಅದರ ನಾಲ್ಕನೇ ಭಾಗ ಪೂರ್ತಿ ಫೋನಿನ ಬಗ್ಗೆ. ಕಿವಿ ಕೇಳೋರಿಗೆ ಫೋನು ಎಷ್ಟು ಉಪಯೋಗಕ್ಕೆ ಬರುತ್ತೋ ಕಿವುಡರಿಗೂ ಅಷ್ಟೇ ಉಪಯೋಗಕ್ಕೆ ಬರೋ ಹಾಗೆ ರಿಲೇ ಇರ್ಬೇಕು, ಹೆಚ್ಚು ರೇಟ್ ತಗೋಬಾರ್ದು, ಇದು ಅದರ ಸಾರ. ಇದನ್ನ ನೋಡ್ಕೊಳ್ಳೋದು ಎಫ್‌ಸಿಸಿ, ಫೋನ್ ಕಂಪನಿಗಳಿಗೆ ನಿಯಮ ಹಾಕೋ ಅಲ್ಲಿನ ಸರ್ಕಾರಿ ಸಂಸ್ಥೆ, ನಮ್ಮ ಟ್ರಾಯ್ ಇದ್ದ ಹಾಗೆ ಆದ್ರೆ ಕೈ ಇನ್ನೂ ಉದ್ದ. ಟಿಆರ್‌ಎಸ್ (ಟೆಲಿಕಮ್ಯುನಿಕೇಷನ್ಸ್ ರಿಲೇ ಸರ್ವಿಸಸ್) ಫಂಡ್ ಅಂತ ಒಂದಿದೆ, ಅದಕ್ಕೆ ಫೋನ್ ಕಂಪನಿಗಳು ತಮ್ಮ ವರಮಾನದಲ್ಲಿ ಇಂತಿಷ್ಟು ಪಾಲು ಕಟ್ಬೇಕು. ಅವ್ರು ಅದನ್ನ ಬಿಲ್ಲಲ್ಲಿ ಎಲ್ಲಾ ಗ್ರಾಹಕರ ಮೇಲೆ ಹಂಚ್ತಾರೆ. ಅಂದ್ರೆ ಸಿರಿ ಅವ್ರೇ, ಆ ಕಾಲಿಗೆ ನೀವೂ ಒಂಚೂರು ದುಡ್ಡು ಕೊಟ್ಟಿದೀರ.

ಮೊದಲಿಗೆ ಟೈಪ್ ಮಾಡೋ ಟಿಟಿವೈ ಯಂತ್ರ ಇತ್ತು. ಮಾಮೂಲಿ ಫೋನ್ ಲೈನಲ್ಲೇ ಅಕ್ಷರ ಕಳ್ಸೋ ಉಪಾಯ 1964ರಲ್ಲಿ ಕಂಡುಹಿಡಿದಿದ್ದು ರಾಬರ್ಟ್ ವೈಟ್‌ಬ್ರೆಕ್ಟ್ ಅನ್ನೋ ವಿಜ್ಞಾನಿ, ಅವ್ರೂ ಕಿವುಡರೇ. 1993ರಿಂದ ದೇಶದ ತುಂಬ ಟೈಪಿಂಗ್ ರಿಲೇ ಕಡ್ಡಾಯ ಆಯ್ತು. 2000ದಲ್ಲಿ ಎಫ್‌ಸಿಸಿ ವಿಡಿಯೋ ರಿಲೇಗೂ ಇದೇ ಫಂಡಿಂದ ದುಡ್ಡು ಕೊಡ್ತೀವಿ ಅಂತು.

ಲೆಕ್ಕದ_ಮೇಷ್ಟ್ರು
ಅಸಲಿ ಕಥೆ ಶುರುವಾಗೋದೇ ಅಲ್ಲಿಂದ. ದುಡ್ಡು ಕೊಡೋದು ಮಿನಿಟ್ ಲೆಕ್ಕದಲ್ಲಿ. 2002-03ರಲ್ಲಿ ಒಂದು ಮಿನಿಟಿಗೆ ಹತ್ತಿರ ಹತ್ತಿರ 17 ಡಾಲರ್ ಇತ್ತು! 2003ರಲ್ಲಿ ಒಂದೇ ಏಟಿಗೆ 7.75ಕ್ಕೆ ಇಳ್ಸಿದ್ರು, ಕಂಪನಿಗಳು ಗಲಾಟೆ ಮಾಡಿ ಆಮೇಲೆ ಸ್ವಲ್ಪ ಏರಿಸ್ಕೊಂಡ್ವು. ಅಲ್ಲಿಂದ ಇಲ್ಲೀವರ್ಗೂ ಇದೇ ಹಗ್ಗಜಗ್ಗಾಟ. 2023ರಲ್ಲಿ ಮಾಡಿದ ಲೆಕ್ಕ ಹೀಗೆ: ಒಂದು ಕಂಪನಿಗೆ ತಿಂಗಳಿಗೆ ಮೊದಲ 10 ಲಕ್ಷ ಮಿನಿಟಿಗೆ 6.27 ಡಾಲರ್, ಅದಕ್ಕಿಂತ ಮೇಲಿಂದಕ್ಕೆ 3.92. ಚಿಕ್ಕ ಕಂಪನಿ ಬದುಕಿಕೊಳ್ಲಿ ಅಂತ ಮೊದಲ ಮೆಟ್ಟಿಲಿಗೆ ಹೆಚ್ಚು, ದೊಡ್ಡವ್ರಿಗೆ ಕೆಲಸ ಅಗ್ಗಕ್ಕೆ ಆಗುತ್ತೆ ಅಂತ ಮೇಲಿನ ಮೆಟ್ಟಿಲಿಗೆ ಕಮ್ಮಿ. ವಿಡಿಯೋ ರಿಲೇ ಒಂದಕ್ಕೇ ವರ್ಷಕ್ಕೆ 50 ಕೋಟಿ ಡಾಲರಿಗೂ ಮೇಲೆ ಹೋಗುತ್ತೆ.

ಮಿನಿಟಿಗೆ ದುಡ್ಡು ಅಂದ್ಮೇಲೆ ಸುಳ್ಳು ಮಿನಿಟು ಹುಟ್ಟದೇ ಇರುತ್ತಾ? 2009ರ ನವೆಂಬರಲ್ಲಿ ಅಮೆರಿಕ ಸರ್ಕಾರ ಒಟ್ಟು 26 ಜನರ ಮೇಲೆ ಕೇಸ್ ಹಾಕ್ತು. ಜನರಿಗೆ ದುಡ್ಡು ಕೊಟ್ಟು ಸುಮ್‌ಸುಮ್ನೆ ಕಾಲ್ ಮಾಡಿಸೋದು, ರೆಕಾರ್ಡ್ ಮಾಡಿದ ಕಾರ್ಯಕ್ರಮಕ್ಕೆ ಲೈನ್ ಹಾಕಿ ಗಂಟೆಗಟ್ಟಲೆ ಬಿಡೋದು, ಮೀಟರ್ ಓಡ್ತಾನೇ ಇರುತ್ತೆ. ಮೇರಿಲ್ಯಾಂಡಿನ ವಯಬಲ್ ಕಂಪನಿ ಮುಖ್ಯಸ್ಥನಿಗೆ 9 ವರ್ಷ ಜೈಲಾಯ್ತು, ಆತನೂ ಕಿವುಡ.

ಹುಬ್ಳಿ_ಹುಡ್ಗ
ನಾ ಹೇಳಿದ್ದ ಖರೆ ಆತ್ ನೋಡ್ರಿ. ಪುಕ್ಕಟೆ ಇದ್ದಲ್ಲಿ ಕಳ್ಳತನ ಇದ್ದದ್ದ.

ಅಣ್ಣನ_ತಂಗಿ
ಇಲ್ಲ ಹಾಗಲ್ಲ. ಕದ್ದಿದ್ದು ಕಂಪನಿ ನಡೆಸೋರು ಮತ್ತೆ ಅವ್ರ ಜೊತೆ ಸೇರಿದ ಒಂದಿಷ್ಟು ಜನ. ರೇಷನ್ ಅಂಗಡಿಯೋನು ಅಕ್ಕಿ ಮಾರ್ಕೊಂಡ್ರೆ ರೇಷನ್ ಕಾರ್ಡೇ ರದ್ದು ಮಾಡ್ತೀರಾ? ತೂಕ ಸರಿ ಮಾಡ್ಬೇಕು, ಅಂಗಡಿ ಮುಚ್ಚೋದಲ್ಲ.

ರಾಚೆಸ್ಟರ್_ರಶ್ಮಿ
👆 ಇದು ನೂರಕ್ಕೆ ನೂರು ಸರಿ. ಮತ್ತೆ ಆ ಕಳ್ಳರ ದಂಡ ಕಟ್ಟಿದ್ದು ಯಾರು ಗೊತ್ತಾ, ನಿಯತ್ತಾಗಿ ಬಳಸೋ ಕಿವುಡರು. ಆಮೇಲೆ ಬಂದ ರೂಲ್ಸ್ ನೋಡಿ. ಪ್ರತಿಯೊಬ್ರೂ ಹೆಸ್ರು ವಿಳಾಸ ಎಲ್ಲಾ ಕೊಟ್ಟು ಒಂದು ಡೇಟಾಬೇಸಲ್ಲಿ ರಿಜಿಸ್ಟರ್ ಆಗ್ಬೇಕು. ನಿಮ್ಮ ಮನೇಲಿ ಫೋನ್ ಹಾಕಿಸೋಕೆ ನಿಮಗೆ ಕಿವಿ ಕೇಳುತ್ತೆ ಅಂತ ಯಾರಾದ್ರೂ ಸಹಿ ಮಾಡಿಸ್ಕೊಂಡಿದ್ರಾ? ಅಮೆರಿಕ ಬಿಟ್ಟು ಹೊರಗಡೆಯಿಂದ ಕಾಲ್ ಮಾಡ್ಬೇಕಂದ್ರೆ ಹೊರಡೋ ಮುಂಚೆನೇ ತಿಳಿಸ್ಬೇಕು, ಅದೂ ನಾಲ್ಕು ವಾರದ ಮಟ್ಟಿಗೆ ಅಷ್ಟೇ.

ಇಂಟರ್‌ಪ್ರಿಟರ್‌ಗಳ ಪಾಡೂ ಹೇಳ್ಬೇಕು. ಮಿನಿಟಿಗೇ ದುಡ್ಡು ಅಂದ್ರೆ ನಾವು ಖಾಲಿ ಕೂತ ಮಿನಿಟಿಗೆ ಕಂಪನಿಗೆ ಏನೂ ಬರಲ್ಲ. ಅದ್ರ ಮೇಲೆ 80 ಪರ್ಸೆಂಟ್ ಕಾಲನ್ನ 120 ಸೆಕೆಂಡ್ ಒಳಗೆ ಎತ್ತಲೇಬೇಕು ಅನ್ನೋ ನಿಯಮ, 24 ಗಂಟೆನೂ ಸರ್ವಿಸ್ ಇರ್ಬೇಕು. ಹಾಗಾಗಿ ಒಂದು ಕಾಲ್ ಮುಗೀತಿದ್ದ ಹಾಗೆ ಇನ್ನೊಂದು ರೆಡಿ. ಪಿಜ್ಜಾ ಆರ್ಡರ್ ಮುಗಿಸಿ ಉಸಿರು ಬಿಡೋಷ್ಟ್ರಲ್ಲಿ ಯಾರದೋ ಅಪ್ಪ ತೀರ್ಕೊಂಡ ಸುದ್ದಿ ನನ್ನ ಕೈಯಿಂದಲೇ ಹೇಳ್ಬೇಕು, ಅದು ಮುಗೀತಿದ್ದ ಹಾಗೆ ಕೇಬಲ್ ಬಿಲ್ಲಿನ ಜಗಳ. ಮಣಿಕಟ್ಟು, ಭುಜ ಎರಡೂ ಹೋಯ್ತು ನಂದು. ಮಾಡ್ಬೇಕಾದ್ದು ಒಳ್ಳೆ ಕೆಲಸ ಅಂತ ಮನಸ್ಸಿಗೆ ಗೊತ್ತು, ಕೈ ಕೇಳ್ಬೇಕಲ್ಲ. ಅದಕ್ಕೇ ಬಿಟ್ಟೆ, ಈಗ ಕಾಲೇಜಲ್ಲಿ ಕ್ಲಾಸಿಗೆ ಇಂಟರ್‌ಪ್ರಿಟ್ ಮಾಡ್ತೀನಿ.

ಕರಾವಳಿ_ಡಾಕ್ಟ್ರು
ನಮ್ಮ ಆಸ್ಪತ್ರೆಗೆ ಕಿವುಡ ಪೇಷೆಂಟ್ ಬಂದ್ರೆ ಇದನ್ನೇ ಬಳಸ್ಬಹುದಲ್ವಾ ಮಾರಾಯ್ರೆ? ಫ್ರೀ ಇದ್ರೆ ಒಳ್ಳೇದೇ ಆಯ್ತು. ನಾನಿರೋದು ನ್ಯೂಜೆರ್ಸಿಲಿ.

ರಾಚೆಸ್ಟರ್_ರಶ್ಮಿ
ಡಾಕ್ಟ್ರೇ ಬೇಡ ಬೇಡ, ಅದು ನಿಯಮಕ್ಕೆ ವಿರುದ್ಧ! ಇಬ್ರೂ ಒಂದೇ ರೂಮಲ್ಲಿದ್ರೆ ಅದು ಫೋನ್ ಕಾಲೇ ಅಲ್ಲ, ಫಂಡಿಂದ ದುಡ್ಡು ಬರಲ್ಲ, ಇಂಟರ್‌ಪ್ರಿಟರ್ ಕಾಲ್ ಮುಗಿಸ್ಬೇಕಾಗುತ್ತೆ. ರೂಮಲ್ಲೇ ಸ್ಕ್ರೀನಿಟ್ಟು ಇಂಟರ್‌ಪ್ರಿಟರ್ ಕರೆಸೋದಕ್ಕೆ ವಿಆರ್‌ಐ ಅಂತಾರೆ, ಅದು ಬೇರೆ, ಅದರ ದುಡ್ಡು ಆಸ್ಪತ್ರೆನೇ ಕೊಡ್ಬೇಕು, ಪೇಷೆಂಟ್ ಹತ್ರ ಕೇಳೋ ಹಾಗಿಲ್ಲ. ಆಪರೇಷನ್ ತರದ ದೊಡ್ಡ ವಿಷ್ಯ ಆದ್ರೆ ದಯವಿಟ್ಟು ಇಂಟರ್‌ಪ್ರಿಟರನ್ನ ಖುದ್ದಾಗಿ ಕರೆಸಿ. ನೋವಲ್ಲಿ ಮಲಗಿರೋರಿಗೆ ಚಿಕ್ಕ ಸ್ಕ್ರೀನ್ ನೋಡೋದು ಭಾಳ ಕಷ್ಟ.

ಕರಾವಳಿ_ಡಾಕ್ಟ್ರು
ಓಹ್ ಇದು ಗೊತ್ತಿರ್ಲಿಲ್ಲ. ಸೋಮವಾರವೇ ಫ್ರಂಟ್ ಡೆಸ್ಕಿಗೆ ಹೇಳ್ತೇನೆ, ರಿಲೇ ಕಾಲ್ ಬಂದ್ರೆ ಕಟ್ ಮಾಡ್ಬೇಡಿ ಅಂತಲೂ ಹೇಳ್ತೇನೆ.

ಕಾನೂನು_ಕಟ್ಟೆ
ಕಂಪನಿಗಳ ಪೈಪೋಟಿ ಬಗ್ಗೆ ಯಾರೂ ಬರೀಲಿಲ್ಲ. 2003ರಲ್ಲಿ ಸೊರೆನ್ಸನ್ ಅನ್ನೋ ಯೂಟಾದ ಕಂಪನಿ ವಿಡಿಯೋಫೋನ್ ಪುಕ್ಕಟೆ ಮನೆಮನೆಗೆ ಕೊಡ್ತಾ ಬಂತು, ಬೇಗನೇ ಮಾರ್ಕೆಟಿನ ಬಹುಪಾಲು ಅದರದ್ದೇ ಆಯ್ತು. ಆ ಫೋನಿಂದ ಬೇರೆ ಕಂಪನಿ ಇಂಟರ್‌ಪ್ರಿಟರ್‌ಗೆ ಕಾಲ್ ಹೋಗ್ತಾ ಇರ್ಲಿಲ್ಲ. ಜಿಯೋ ಸಿಮ್ ಇದ್ರೆ ಏರ್‌ಟೆಲ್‌ನವ್ರಿಗೆ ಕಾಲ್ ಹೋಗಲ್ಲ ಅಂದ್ರೆ ಹೇಗೋ ಹಾಗೆ. 2006ರಲ್ಲಿ ಎಫ್‌ಸಿಸಿ ಅದು ಆಗಲ್ಲ, ಯಾರ ಫೋನಿಂದ ಯಾರಿಗಾದ್ರೂ ಹೋಗ್ಬೇಕು ಅಂತು. 2008ರ ಕೊನೆವರೆಗೂ ಅವ್ರಿಗೆ ಎಲ್ರ ಹಾಗೆ ಹತ್ತಂಕಿ ನಂಬರ್ರೂ ಇರ್ಲಿಲ್ಲ. ನಂಬರ್ ಬಂದ್ಮೇಲೆ, ಅದಕ್ಕೆ ವಿಳಾಸ ಜೋಡಿಸಿದ್ಮೇಲೆ ಅಲ್ಲಿನ ತುರ್ತು ನಂಬರ್ 911ಕ್ಕೆ ಮಾಡಿದ್ರೆ ಯಾವ ಊರಿನ ಪೊಲೀಸರಿಗೆ ಹೋಗ್ಬೇಕು ಅನ್ನೋದು ತಾನಾಗೇ ಗೊತ್ತಾಗೋ ಹಾಗಾಯ್ತು.

ಲೆಕ್ಕದ_ಮೇಷ್ಟ್ರು
ಅದಕ್ಕೇ ನನ್ನ ವಾದ, ಇಷ್ಟೊಂದು ಕಂಪನಿ ಯಾಕೆ ಬೇಕು? ಕೆನಡಾ ನೋಡಿ, 2016ರಲ್ಲಿ ಶುರು ಮಾಡಿದ್ರು, ಇಡೀ ದೇಶಕ್ಕೆ ಒಂದೇ ಸಂಸ್ಥೆ, ಲಾಭಕ್ಕಲ್ಲ, ವರ್ಷಕ್ಕೆ ಇಂತಿಷ್ಟೇ ದುಡ್ಡು ಅಂತ ಮಿತಿ.

ರಾಚೆಸ್ಟರ್_ರಶ್ಮಿ
ಮೇಷ್ಟ್ರೇ ಒಪ್ಪಲ್ಲ. ಒಂದೇ ಇದ್ರೆ ಇಂಟರ್‌ಪ್ರಿಟರ್ ಚೆನ್ನಾಗಿಲ್ಲ ಅಂದಾಗ ಕಿವುಡರು ಎಲ್ಲಿಗೆ ಹೋಗ್ಬೇಕು? ಇಲ್ಲಿ ಕಾನ್ವೋ ಅಂತ ಕಿವುಡರೇ ನಡೆಸೋ ಕಂಪನಿ ಇದೆ, ಬೇರೆಯೋರು ಬೇಡ ಅಂದ್ರೆ ಅಲ್ಲಿಗೆ ಹೋಗ್ತಾರೆ. ಆಯ್ಕೆ ಅನ್ನೋದೂ ಸಮಾನತೆನೇ ಅಲ್ವಾ.

ಲೆಕ್ಕದ_ಮೇಷ್ಟ್ರು
ಆಯ್ಕೆ ಬೇಕು ಸರಿ, ಆದ್ರೆ ಫಂಡಿನ ದುಡ್ಡು ಸಾಲದ ಬಡ್ಡಿ ಕಟ್ಟೋಕೆ ಹೋಗ್ಬಾರ್ದು. ಸೊರೆನ್ಸನ್ 2014ರಲ್ಲಿ ದಿವಾಳಿ ಅರ್ಜಿ ಹಾಕಿ ಸಾಲ ಇಳಿಸ್ಕೊಂಡಿದ್ದು ನೆನಪಿರ್ಲಿ, ಆ ಸಾಲ ಮೈಮೇಲೆ ಬಂದಿದ್ದು ಹೂಡಿಕೆದಾರರ ಆಟದಿಂದ, ಕಿವುಡರು ಹೆಚ್ಚು ಮಾತಾಡಿದ್ದಕ್ಕಲ್ಲ.

ಮೈಸೂರ್_ಮಲ್ಲಿಗೆ_ಟೆಕ್ಸಸ್
ನಾನು ನಮ್ಮನೆ ಕಥೆ ಹೇಳ್ತೀನಿ. ಅಕ್ಕನ ಮಗ ಇಲ್ಲೇ ಹುಟ್ಟಿದ್ದು, ಕಿವುಡ, ಅಮೆರಿಕನ್ ಸನ್ನೆ ಭಾಷೆ ಅವನದ್ದು. ಅವನಿಗೆ ಹನ್ನೊಂದು ವರ್ಷ ಆದಾಗ ಮೈಸೂರಲ್ಲಿರೋ ಅಜ್ಜಿ ಜೊತೆ ತಾನೇ ಮಾತಾಡ್ಬೇಕು ಅಂತ ಹಟ ಹಿಡ್ದ. ರಿಲೇ ಇಂಟರ್‌ಪ್ರಿಟರ್ ಸಿಕ್ರು, ಆದ್ರೆ ಅವ್ರು ಮಾತಾಡೋದು ಇಂಗ್ಲಿಷು, ನಮ್ಮಮ್ಮಂಗೆ ಹಲೋ ಥ್ಯಾಂಕ್ಯೂ ಬಿಟ್ರೆ ಇಂಗ್ಲಿಷ್ ಬರಲ್ಲ. ಕೊನೆಗೆ ನನ್ನನ್ನೂ ಕಾನ್ಫರೆನ್ಸಿಗೆ ಹಾಕಿದ್ರು. ಅವ್ನು ಕೈಯಲ್ಲಿ ಹೇಳಿದ್ದು ಇಂಟರ್‌ಪ್ರಿಟರ್ ಇಂಗ್ಲಿಷಲ್ಲಿ, ನಾನು ಅದನ್ನ ಕನ್ನಡದಲ್ಲಿ, ಅಮ್ಮ ಹೇಳಿದ್ದು ಹಾಗೇ ವಾಪಸ್ಸು.

"ಅಜ್ಜಿ, ನೀವು ಕಳ್ಸಿದ ಚಕ್ಲಿ ಖಾಲಿ ಆಯ್ತು" ಅಂತ ಅಷ್ಟೇ ಅವನ ಮೊದಲ ಮಾತು. ಅದು ಮೈಸೂರು ಮುಟ್ಟೋಕೆ ಇಬ್ರು ನಡುವೆ ನಿಲ್ಬೇಕಾಯ್ತು. ಅಮ್ಮ ಅತ್ತುಬಿಟ್ರು. ಇಂಟರ್‌ಪ್ರಿಟರ್ ಅದನ್ನೂ ಅವನಿಗೆ ಹೇಳಿದ್ರು ಅನ್ಸುತ್ತೆ, ಯಾಕಂದ್ರೆ ಅವ್ನು ತಕ್ಷಣ "ಅಳ್ಬೇಡಿ, ಇನ್ನೂ ಎರಡು ಇದೆ" ಅಂದ.

ಸಿರಿ_ಫ್ರೀಮಾಂಟ್
ಅಯ್ಯೋ ದೇವ್ರೇ ❤️ ಕಣ್ಣಲ್ಲಿ ನೀರು ಬಂತು ಓದಿ.

ರಾಚೆಸ್ಟರ್_ರಶ್ಮಿ
ಹೌದು, ದನಿ ನಡುಗೋದು, ಅಳು, ಹಿಂದುಗಡೆ ನಾಯಿ ಬೊಗಳೋದು ಎಲ್ಲಾ ಹೇಳ್ಬೇಕು ನಾವು. ಅದೂ ಮಾತೇ. ಇಲ್ಲಿ ಸ್ಪ್ಯಾನಿಷ್‌ಗೆ ಮಾತ್ರ ಆ ಮೂರನೇ ಮನುಷ್ಯ ಬೇಡ, 2005ರಿಂದ ಸನ್ನೆ ಭಾಷೆಯಿಂದ ನೇರ ಸ್ಪ್ಯಾನಿಷ್‌ಗೆ ರಿಲೇ ಮಾಡಿದ್ರೂ ಫಂಡ್ ದುಡ್ಡು ಕೊಡುತ್ತೆ. ಮನೆಮಾತು ಇಂಗ್ಲಿಷ್ ಅಲ್ಲದ ಕಿವುಡ ಮಕ್ಕಳು ಸ್ವಂತ ಅಪ್ಪ ಅಮ್ಮನ ಜೊತೆ ಮಾತಾಡ್ಲಿ ಅಂತ ಕೇಳಿ ಪಡ್ಕೊಂಡಿದ್ದು ಅದು.

ದಾವಣಗೆರೆ_ದೋಸೆ
ಭಾರತದಲ್ಲಿ ಏನೂ ಇಲ್ವಾ ಹಾಗಾದ್ರೆ? ಕಿವುಡ ಮೂಗರಿಗೆ ಇಲ್ಲಿ ಯಾರೂ ಗತಿ ಇಲ್ಲ ಅನ್ಸುತ್ತೆ.

ಅಣ್ಣನ_ತಂಗಿ
ಒಂದು ವಿನಂತಿ, "ಮೂಗ" ಅನ್ನೋದು ಬೇಡ. ಅಣ್ಣ ಸನ್ನೆಲಿ ಮಾತಾಡೋಕೆ ಕೂತ್ರೆ ಗಂಟೆ ಕಳೆದ್ರೂ ನಿಲ್ಸಲ್ಲ, ಅವ್ನು ಮೂಗ ಹೇಗಾಗ್ತಾನೆ. ಕಿವುಡ ಅನ್ನಿ, ಅದರಲ್ಲಿ ಅವಮಾನ ಇಲ್ಲ.

ದಾವಣಗೆರೆ_ದೋಸೆ
ಕ್ಷಮಿಸಿ ಅಕ್ಕ, ಬಾಯಿಗೆ ರೂಢಿ ಆಗ್ಬಿಟ್ಟಿದೆ. ಇನ್ಮೇಲೆ ಅನ್ನಲ್ಲ.

ಕಾನೂನು_ಕಟ್ಟೆ
ಭಾರತದಲ್ಲಿ ಶುರು ಅಂತೂ ಆಗಿದೆ. ದೆಹಲಿಯಲ್ಲಿ 2015ರಲ್ಲಿ ಭಾರತೀಯ ಸಂಜ್ಞಾ ಭಾಷೆಗೆ ಅಂತ ಕೇಂದ್ರ ಸರ್ಕಾರದ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಬಂತು, ಅವ್ರು 2023ರ ಸಂಜ್ಞಾ ಭಾಷಾ ದಿನಕ್ಕೆ ವಾಟ್ಸಾಪ್ ವಿಡಿಯೋ ಕಾಲ್ ಮೂಲಕ ರಿಲೇ ಸೇವೆ ಶುರು ಮಾಡಿದ್ರು. ಅದೇ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ಇಂಟರ್‌ಪ್ರಿಟರ್ ಮೂಲಕ ಹಾಜರಾದ್ರು.

ಆದ್ರೆ ಸೇವೆ ಬೇರೆ, ಹಕ್ಕು ಬೇರೆ. ನಮ್ಮ 2016ರ ಕಾನೂನಲ್ಲಿ ಸಂಜ್ಞಾ ಭಾಷೆನೂ ಸಂವಹನ ಅಂತ ಬರೆದಿದೆ. ಆದ್ರೆ ಅಮೆರಿಕದ ಹಾಗೆ "ರಿಲೇ ಇರ್ಲೇಬೇಕು, ಫೋನ್ ಕಂಪನಿ ದುಡ್ಡು ಕಟ್ಲೇಬೇಕು" ಅಂತ ಕಟ್ಟಿಹಾಕಿಲ್ಲ. ಬಜೆಟ್ಟಿನ ದುಡ್ಡಲ್ಲಿ ನಡೆಯೋದು ಯಾವತ್ತು ಬೇಕಾದ್ರೂ ಸಣ್ಣದಾಗ್ಬಹುದು. ನಮ್ಮಲ್ಲೂ ಟೆಲಿಕಾಂ ಕಂಪನಿಗಳು ವರಮಾನದ 5 ಪರ್ಸೆಂಟ್ ಕಟ್ಟೋ ನಿಧಿ ಇದೆ, ಮೊದ್ಲು ಯುಎಸ್‌ಒ ಫಂಡ್ ಅಂತಿದ್ರು, ಈಗ ಡಿಜಿಟಲ್ ಭಾರತ್ ನಿಧಿ. ಹಳ್ಳಿಗೆ ಟವರ್ ಹಾಕೋದಕ್ಕೆ ಆ ದುಡ್ಡು ಸರಿ ಅಂದ್ರೆ, ಟವರ್ ಕೆಳಗೇ ಇದ್ದೂ ಫೋನ್ ಮಾಡೋಕಾಗದೇ ಇರೋರಿಗೂ ಸರಿ ಆಗ್ಬೇಕು. 2011ರ ಜನಗಣತಿಲೇ ಕೇಳೋ ತೊಂದರೆ ಇರೋರು 50 ಲಕ್ಷಕ್ಕೂ ಹೆಚ್ಚು ಅಂತ ಬಂದಿದೆ.

ಲೆಕ್ಕದ_ಮೇಷ್ಟ್ರು
ನಿಧಿಗೆ ಬೆಂಬಲ ಇದೆ. ಆದ್ರೆ ಮಿನಿಟ್ ಲೆಕ್ಕ ಮಾತ್ರ ಬೇಡ, ಮೊದಲನೇ ದಿನದಿಂದನೇ. ಇಂಟರ್‌ಪ್ರಿಟರ್‌ಗೆ ತಿಂಗಳ ಸಂಬಳ ಕೊಡಿ, ಎಷ್ಟು ಬೇಗ ಎತ್ತಿದ್ರು, ಎಷ್ಟು ಚೆನ್ನಾಗಿ ಹೇಳಿದ್ರು ಅಂತ ಕಿವುಡರನ್ನೇ ಕೇಳಿ ಅಳೀರಿ.

ಅಣ್ಣನ_ತಂಗಿ
ಮತ್ತೆ ಕನ್ನಡ! ಇದನ್ನ ಮರೀಬೇಡಿ. ದೆಹಲಿಲಿ ಕೂತ ಇಂಟರ್‌ಪ್ರಿಟರ್ ಹಿಂದಿ ಇಂಗ್ಲಿಷ್ ಮಾತಾಡ್ತಾರೆ. ಅಣ್ಣ ಫೋನ್ ಮಾಡ್ಬೇಕಾಗಿರೋದು ಚನ್ನರಾಯಪಟ್ಟಣದ ಗೊಬ್ಬರದ ಅಂಗಡಿಗೆ, ತೋಟದ ಆಳಿಗೆ, ಪಂಚಾಯ್ತಿ ಕಾರ್ಯದರ್ಶಿಗೆ. ಸನ್ನೆಯಿಂದ ನೇರ ಕನ್ನಡಕ್ಕೆ ಹೇಳೋರು ಬೇಕು. ಮೈಸೂರಲ್ಲಿ ವಾಕ್ ಶ್ರವಣ ಸಂಸ್ಥೆ 60 ವರ್ಷದಿಂದ ಇದೆ, ಬೆಂಗಳೂರಲ್ಲಿ ಕಿವುಡರ ಸಂಘಗಳಿವೆ, ಕಿವುಡ ಅಪ್ಪ ಅಮ್ಮನಿಗೆ ಹುಟ್ಟಿ ಸನ್ನೆ ಭಾಷೆ ಮನೇಲೇ ಕಲ್ತ ಮಕ್ಕಳು ಎಷ್ಟೋ ಜನ ಇದ್ದಾರೆ. ಇವ್ರಿಗೆ ತರಬೇತಿ, ಸರ್ಟಿಫಿಕೇಟು, ಸಂಬಳ ಕೊಟ್ರೆ ಕೂಡ್ಲೇ ಇಪ್ಪತ್ತು ಜನರಿಂದ ಶುರು ಮಾಡ್ಬಹುದು.

ಕೋಡ್_ಕುಮಾರ
ಇನ್ನೆರಡು ವರ್ಷದಲ್ಲಿ ಎಐ ಅವತಾರ್ ಬಂದು ಇದೆಲ್ಲಾ ಮಾಡುತ್ತೆ, ಮನುಷ್ಯರೇ ಬೇಡ.

ರಾಚೆಸ್ಟರ್_ರಶ್ಮಿ
ಕುಮಾರ್, ಸನ್ನೆ ಭಾಷೆ ಬರೀ ಕೈ ಅಲ್ಲ. ಹುಬ್ಬು ಏರಿಸಿದ್ರೆ ಪ್ರಶ್ನೆ, ತಲೆ ಅಲ್ಲಾಡಿಸಿದ್ರೆ ಅದೇ ವಾಕ್ಯ "ಇಲ್ಲ" ಆಗುತ್ತೆ, ಗಾಳಿಲಿ ಒಂದು ಕಡೆ ಒಬ್ಬ ಮನುಷ್ಯನನ್ನ ಇಟ್ಟು ಹತ್ತು ಮಿನಿಟ್ ಆದ್ಮೇಲೆ ಅಲ್ಲಿಗೇ ಬೆರಳು ತೋರಿಸ್ತಾರೆ. 911 ಕಾಲಲ್ಲಿ ರಕ್ತ ಸುರಿಯೋ ಒಂದೇ ಕೈಯಲ್ಲಿ ಸನ್ನೆ ಮಾಡೋರಿರ್ತಾರೆ. ಯಂತ್ರ ಬರ್ಲಿ, ಬೇಡ ಅನ್ನಲ್ಲ, ಆದ್ರೆ ತಪ್ಪಾದ್ರೆ ಹೊಣೆ ಯಾರು ಅಂತ ಮೊದ್ಲು ಬರೀಲಿ.

ಕರಾವಳಿ_ಡಾಕ್ಟ್ರು
ತುರ್ತು ಕಾಲಿನ ಮಾತು ಬಂದದ್ದಕ್ಕೆ: ಬ್ರಿಟನ್ನಿನಲ್ಲಿ 2022ರ ಜೂನಿನಿಂದ 999ಕ್ಕೇ ಅಂತ ಸನ್ನೆ ಭಾಷೆಯ ವಿಡಿಯೋ ರಿಲೇ ಉಂಟು, ಆ್ಯಪ್ ಒತ್ತಿದ್ರೆ ಸಾಕು. ಬೇರೆ ಎಲ್ಲ ತಡ ಆದ್ರೂ ನಮ್ಮ 112ಕ್ಕೆ ಅದೊಂದು ಮೊದಲು ಬರ್ಬೇಕು. ಎದೆನೋವಿಗೆ ತಂಗಿ ಮನೆಗೆ ಬರುವವರೆಗೆ ಕಾಯ್ಲಿಕ್ಕೆ ಆಗುದಿಲ್ಲ.

ಹುಬ್ಳಿ_ಹುಡ್ಗ
ಎಲ್ಲಾ ಓದ್ದೆ. ನಮ್ಮ ಗ್ಯಾರೇಜಿನ್ಯಾಗ ಒಬ್ಬ ಕಿವುಡ ಹುಡುಗ ಅದಾನ್ರಿ, ಇಂಜಿನ್ ಕೆಲಸದಾಗ ಎತ್ತಿದ ಕೈ. ಬೋಲ್ಟ್ ಮ್ಯಾಲೆ ಬೆರಳಿಟ್ಟು ನಡುಗೂದ ನೋಡಿ ಹೇಳ್ತಾನ ಎಲ್ಲಿ ಲೂಸ್ ಆಗೈತಿ ಅಂತ. ಗಿರಾಕಿ ಫೋನ್ ಬಂದ್ರ ಮಾತ್ರ ನಾನ ಎತ್ತತೀನಿ, ಹಂಗಾಗಿ ಗಿರಾಕಿಗೋಳು ನನ್ನವ್ರು, ಕೆಲಸ ಅವಂದು. ಇವತ್ತ ಅದು ತಲಿಗೆ ಹೊಳೀತು. ಅವಂಗ ಫೋನ್ ಇದ್ದಿದ್ರ ಎಂದೋ ಸ್ವಂತ ಗ್ಯಾರೇಜ್ ಹಾಕ್ತಿದ್ದ. @ಕಾನೂನು_ಕಟ್ಟೆ ಆ ದೆಹಲಿ ಸೇವಾಕ್ಕ ಹೆಂಗ ಹಚ್ಚೂದು, ಗೊತ್ತಿದ್ರ ಹೇಳ್ರಿ, ನಾಳೆ ಅವಂಗ ತೋರಸ್ತೀನಿ.

ಕಾನೂನು_ಕಟ್ಟೆ
ಸಂಸ್ಥೆಯ ವೆಬ್‌ಸೈಟಲ್ಲಿ ನೋಡಿ, ಐಎಸ್ಎಲ್ಆರ್‌ಟಿಸಿ ಅಂತ ಹುಡುಕಿದ್ರೆ ಸಿಗುತ್ತೆ. ಮೊದ್ಲ ಕಾಲ್ ಅವನೇ ಮಾಡ್ಲಿ, ನೀವು ಪಕ್ಕದಲ್ಲಿರಿ ಸಾಕು.

ಸಿರಿ_ಫ್ರೀಮಾಂಟ್
ಅಪ್‌ಡೇಟ್: ಇವತ್ತು ಬೆಳಿಗ್ಗೆ ನಾನೇ ಅವ್ರಿಗೆ ಕಾಲ್ ಮಾಡ್ದೆ. ಅವ್ರ ನಂಬರ್ ಒತ್ತಿದ್ರೆ ಇಂಟರ್‌ಪ್ರಿಟರ್ ತಾನಾಗೇ ಬರ್ತಾರೆ ಅಂತ ಗೊತ್ತೇ ಇರ್ಲಿಲ್ಲ. ಈ ಸಲ ಗಂಡಸಿನ ದನಿ. ಮೊದಮೊದ್ಲು "ಅವ್ರಿಗೆ ಹೇಳಿ" ಅಂತ ಬಾಯಿಗೆ ಬಂತು, ತಡ್ಕೊಂಡೆ. ಮಂಗಳವಾರ ಗುರುವಾರ ಅವ್ರು ಕರ್ಕೊಂಡು ಹೋಗ್ತಾರೆ, ಶನಿವಾರ ನಾನು. ಇಪ್ಪತ್ತು ನಿಮಿಷ ಮಾತಾಡಿದ್ವಿ, ಕಾರ್‌ಪೂಲ್ ಬಗ್ಗೆ ಐದೇ ನಿಮಿಷ.